ಮೊದಲು ನೋಡಿ, ಆಮೇಲೆ ತಿದ್ದಿ: ನೀರು ಪರೀಕ್ಷೆಯ ಮೀಟರುಗಳನ್ನು ಹದದಲ್ಲಿಡುವ ಬಗೆ

ಕೆಟ್ಟ ಮೋಟರು ಸದ್ದು ಮಾಡುತ್ತದೆ, ಕೆಟ್ಟ ಪೈಪು ಸೋರುತ್ತದೆ. ನೀರು ಪರೀಕ್ಷಿಸುವ ಮೀಟರು ಮಾತ್ರ ಕೆಟ್ಟ ಮೇಲೂ ಎರಡು ದಶಮಾಂಶದವರೆಗೆ ಅಂಕಿ ತೋರಿಸುತ್ತ ಕೂತಿರುತ್ತದೆ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ನೋಡುವವರಿಗೆ ಇದು ಸಣ್ಣ ಮಾತಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಾಗ 1.5ರವರೆಗೆ ನಡೆಯುತ್ತದೆ. ಬರೀ 4 ಮಿಲಿವೋಲ್ಟ್ ಸರಿದ ಎಲೆಕ್ಟ್ರೋಡ್ (ನೀರಿಗೆ ಅದ್ದುವ ಸೆನ್ಸರ್ ಕಡ್ಡಿ) 1.7 ಇರುವ ನೀರನ್ನು 1.45 ಎಂದು ತೋರಿಸಿ ಪಾಸು ಮಾಡಿಬಿಡುತ್ತದೆ.

ನಮ್ಮ ಭಾಗದ ಇನ್ನೊಂದು ತೊಡಕು, ಒಂದೇ ಮೀಟರು ಬೇರೆ ಬೇರೆ ಜಾತಿಯ ನೀರಿಗೆ ಇಳಿಯುವುದು. ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರುವ ಮಲಪ್ರಭೆ, ಹಾವೇರಿ ಕಡೆಯ ತುಂಗಭದ್ರೆ ಮತ್ತು ವರದೆ, ಎರೆ ಭೂಮಿಯ ಸವಳು ಬೋರು, ಜೊತೆಗೆ ಹಳ್ಳಿ ಹಳ್ಳಿಯ ಶುದ್ಧ ನೀರಿನ ಘಟಕದ ಆರ್‌ಒ (ಪೊರೆಯ ಮೂಲಕ ಹಾಯಿಸಿ ಲವಣ ತೆಗೆದ) ನೀರು. ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಹೊಂದುತ್ತದೆ ಎಂದು ನಂಬಿ ಕೂರುವಂತಿಲ್ಲ.

ಕ್ಯಾಲ್ ಬಟನ್ ಒತ್ತುವ ಮೊದಲು

ಬಹಳಷ್ಟು ಕಡೆ ಬೆಳಿಗ್ಗೆ ಮೀಟರು ಹಚ್ಚಿದ ಕೂಡಲೇ ಕ್ಯಾಲಿಬ್ರೇಶನ್ (ಗೊತ್ತಿರುವ ದ್ರಾವಣಕ್ಕೆ ಮೀಟರಿನ ಅಂಕಿ ಹೊಂದಿಸುವುದು) ಮಾಡುತ್ತಾರೆ. ಅದು ಅಚ್ಚುಕಟ್ಟಿನ ಕೆಲಸದಂತೆ ಕಂಡರೂ ನಿನ್ನೆಯವರೆಗಿನ ತಪ್ಪಿನ ಸಾಕ್ಷಿಯನ್ನು ಅಳಿಸಿಹಾಕುತ್ತದೆ. ಮೊದಲು ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣದಲ್ಲಿ ಅದ್ದಿ, ಏನನ್ನೂ ತಿದ್ದದೆ, ಮೀಟರು ಏನು ತೋರಿಸಿತೋ ಅದನ್ನು ವಹಿಯಲ್ಲಿ ಬರೆಯಿರಿ. ವ್ಯತ್ಯಾಸ ಪಿಎಚ್‌ನಲ್ಲಿ (ಆಮ್ಲ-ಕ್ಷಾರದ ಅಳತೆ) 0.1ರೊಳಗೆ, ಕಂಡಕ್ಟಿವಿಟಿಯಲ್ಲಿ (ವಿದ್ಯುತ್ ಹರಿಯುವ ಅಳವು) ನೂರಕ್ಕೆ 3ರೊಳಗೆ ಇದ್ದರೆ ಆ ದಿನ ತಿದ್ದುವ ಅಗತ್ಯವೇ ಇಲ್ಲ. ಅದಕ್ಕಿಂತ ಹೆಚ್ಚು ಸರಿದಿದ್ದರೆ ಎರಡು ಕೆಲಸ: ಸೆನ್ಸರನ್ನು ತೊಳೆದು ಮತ್ತೆ ನೋಡುವುದು, ಮತ್ತು ಹಿಂದಿನ ಸಲ ಸರಿ ಇದ್ದ ದಿನದಿಂದ ಈಚೆಗೆ ಬರೆದ ರೀಡಿಂಗುಗಳ ಪಕ್ಕದಲ್ಲಿ ಗುರುತು ಹಾಕುವುದು. ತೊಳೆಯದೆ ಕ್ಯಾಲಿಬ್ರೇಟ್ ಮಾಡಿದರೆ ಕೊಳೆಯನ್ನೂ ಲೆಕ್ಕಕ್ಕೆ ಸೇರಿಸಿದಂತೆ. ನಾಳೆ ಆ ಕೊಳೆ ಅರ್ಧ ಕಳಚಿದರೆ ಮೀಟರು ಇನ್ನೊಂದು ಕಡೆಗೆ ವಾಲುತ್ತದೆ.

ಪಿಎಚ್ ಎಲೆಕ್ಟ್ರೋಡ್

ಎಲ್ಲಕ್ಕಿಂತ ಹೆಚ್ಚು ಆರೈಕೆ ಬೇಡುವುದು ಇದೇ. ತುದಿಯ ಗಾಜಿನ ಬುಡ್ಡೆ ಒಣಗಬಾರದು, ಆದರೆ ಡಿಸ್ಟಿಲ್ಡ್ ನೀರಿನಲ್ಲೂ ನೆನೆಯಬಾರದು. ಡಿಸ್ಟಿಲ್ಡ್ ನೀರು ಒಳಗಿನ ಪೊಟ್ಯಾಸಿಯಂ ಕ್ಲೋರೈಡನ್ನು ಎಳೆದುಕೊಂಡು ಎಲೆಕ್ಟ್ರೋಡಿನ ಆಯುಸ್ಸು ಕಡಿಮೆ ಮಾಡುತ್ತದೆ. ಇಡಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ. 22.4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಸ್ವಲ್ಪ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರಿಗೆ ತಂದರೆ ಅದು ಸಿದ್ಧ. ಟೋಪಿಯಲ್ಲಿ ನಾಲ್ಕು ಹನಿ ಸಾಕು, ಬುಡ್ಡೆ ಮುಳುಗಿದರೆ ಆಯಿತು. ಟೋಪಿಯ ಸುತ್ತ ಬಿಳಿ ಉಪ್ಪು ಕಟ್ಟಿದರೆ ಗಾಬರಿ ಬೇಡ, ತೊಳೆದರೆ ಹೋಗುತ್ತದೆ. ಒಣಗಿಹೋದ ಎಲೆಕ್ಟ್ರೋಡನ್ನು ಇದೇ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ ನೋಡಿ. ಹಲವು ಮತ್ತೆ ಜೀವ ಪಡೆಯುತ್ತವೆ. ಬುಡ್ಡೆಯೊಳಗೆ ಗಾಳಿಗುಳ್ಳೆ ನಿಂತಿದ್ದರೆ ಜ್ವರದ ಥರ್ಮಾಮೀಟರು ಜಾಡಿಸುವ ಹಾಗೆ ಕೆಳಮುಖವಾಗಿ ಜಾಡಿಸಿ.

ಒಳದ್ರಾವಣ ತುಂಬುವ ನಮೂನೆಯಾದರೆ ಅಳೆಯುವಾಗ ಮೇಲಿನ ತೂತಿನ ಬಿರಡೆ ತೆಗೆದಿರಬೇಕು. ಮುಚ್ಚಿದ್ದರೆ ಒಳದ್ರಾವಣ ಹೊರಕ್ಕೆ ಹರಿಯದೆ ರೀಡಿಂಗು ಸುಮ್ಮನೆ ತೇಲಾಡುತ್ತದೆ. ಒಳದ್ರಾವಣದ ಮಟ್ಟ ಬೀಕರಿನ ನೀರಿಗಿಂತ ಮೇಲಿರಲಿ. ತೊಳೆದ ಮೇಲೆ ಬುಡ್ಡೆಯನ್ನು ಬಟ್ಟೆಯಿಂದ ಉಜ್ಜಬೇಡಿ, ಟಿಶ್ಯೂ ಒತ್ತಿ ಹನಿ ಹೀರಿಸಿ. ಉಜ್ಜಿದರೆ ಸ್ಥಿರವಿದ್ಯುತ್ ಕೂತು ಒಂದೆರಡು ನಿಮಿಷ ಅಂಕಿ ನಿಲ್ಲುವುದಿಲ್ಲ.

ಎಲೆಕ್ಟ್ರೋಡಿನ ಆರೋಗ್ಯ ತಿಳಿಯಲು ಪಿಎಚ್ ಅಂಕಿಗಿಂತ ಮಿಲಿವೋಲ್ಟ್ ಅಂಕಿ ಹೆಚ್ಚು ಹೇಳುತ್ತದೆ. ಮೀಟರನ್ನು ಮಿಲಿವೋಲ್ಟ್ ಮೋಡಿಗೆ ಹಾಕಿ, 7.00 ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣ) ನೋಡಿ: ಸೊನ್ನೆಗೆ ಹತ್ತಿರ, ಹೆಚ್ಚೆಂದರೆ ಆಚೀಚೆ 30ರೊಳಗೆ ಇರಬೇಕು. ಆಮೇಲೆ 4.01ರಲ್ಲಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್ ಲೆಕ್ಕ, ಹಾಗಾಗಿ ಎರಡರ ನಡುವಿನ ಅಂತರ 177ರಷ್ಟು ಬರಬೇಕು. ಉದಾಹರಣೆಗೆ 7ರಲ್ಲಿ ಮೈನಸ್ 8, 4ರಲ್ಲಿ ಪ್ಲಸ್ 158 ಬಂತೆನ್ನಿ. ಅಂತರ 166. ಅದನ್ನು 177ರಿಂದ ಭಾಗಿಸಿದರೆ ಶೇಕಡಾ 94. ಇದಕ್ಕೆ ಸ್ಲೋಪ್ ಎನ್ನುತ್ತಾರೆ. ಶೇಕಡಾ 95ರ ಮೇಲಿದ್ದರೆ ಎಲೆಕ್ಟ್ರೋಡ್ ಚೆನ್ನಾಗಿದೆ. 90ರಿಂದ 95ರ ನಡುವೆ ಇದ್ದರೆ ತೊಳೆಯಿರಿ. ತೊಳೆದ ಮೇಲೂ 90 ದಾಟದಿದ್ದರೆ ಹೊಸದು ತನ್ನಿ, ಅದರ ಜೊತೆ ಗುದ್ದಾಡಿ ಫಲವಿಲ್ಲ. ಮೇ ತಿಂಗಳಲ್ಲಿ ಕೋಣೆ 35 ಡಿಗ್ರಿಗೆ ಏರಿದಾಗ ಇದೇ ಅಂತರ 180ರ ಆಸುಪಾಸು ಇರಬೇಕು ಎನ್ನುವುದೂ ನೆನಪಿರಲಿ.

ತೊಳೆಯುವ ರೀತಿ ಕೊಳೆಯ ಮೇಲೆ ನಿಂತಿದೆ. ಬೋರಿನ ಗಡಸು ನೀರಿನಿಂದ ಬಿಳಿ ಪದರ ಕಟ್ಟಿದ್ದರೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15 ನಿಮಿಷ. ಇದಕ್ಕೆ ಗಾಢ ಆಮ್ಲ 8.3 ಮಿಲಿಲೀಟರು, ನೀರು ಸೇರಿ ಒಟ್ಟು ಒಂದು ಲೀಟರು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಕೆರೆ ನೀರಿನ ಪಾಚಿ, ಎಣ್ಣೆಜಿಡ್ಡು ಇದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮಳೆಗಾಲದ ಕೆಂಪು ನೀರಿನ ಜೇಡಿ ಪಕ್ಕದ ಬಿಳಿ ಚುಕ್ಕೆಯಂಥ ಜಂಕ್ಷನ್ನಿಗೆ (ಒಳದ್ರಾವಣ ಹೊರಕ್ಕೆ ಹರಿಯುವ ಕಿಂಡಿ) ಹೊಕ್ಕಿದ್ದರೆ ಉಗುರುಬೆಚ್ಚಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ತಾಸು ನೆನೆಸಿ. ಯಾವುದರಿಂದ ತೊಳೆದರೂ ಕೊನೆಗೆ ಒಂದು ತಾಸು ಆ ದ್ರಾವಣದಲ್ಲೇ ವಿಶ್ರಾಂತಿ ಕೊಟ್ಟು ಆಮೇಲೆ ಕ್ಯಾಲಿಬ್ರೇಟ್ ಮಾಡಿ.

ಬಫರ್ ಆರಿಸುವಾಗ ನಿಮ್ಮ ನೀರಿನ ಪಿಎಚ್ ಎರಡು ಬಫರ್‌ಗಳ ನಡುವೆ ಬರುವಂತೆ ನೋಡಿಕೊಳ್ಳಿ. ಬೋರಿನ ನೀರು ಸಾಮಾನ್ಯವಾಗಿ 7ರ ಮೇಲೆ, ಅದಕ್ಕೆ 7 ಮತ್ತು 10. ಆರ್‌ಒ ನೀರು 7ರ ಕೆಳಗೆ ಇಳಿಯುವುದು ಹೆಚ್ಚು, ಏಕೆಂದರೆ ಪೊರೆ ಲವಣ ತಡೆದರೂ ಕರಗಿದ ಇಂಗಾಲದ ಡೈಆಕ್ಸೈಡನ್ನು ತಡೆಯುವುದಿಲ್ಲ. ಅದಕ್ಕೆ 4 ಮತ್ತು 7. 10ರ ಬಫರ್ ಬಾಟಲಿ ತೆರೆದಂತೆಲ್ಲ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೆಳಗಿಳಿಯುತ್ತದೆ, ಅದನ್ನು ತೆರೆದ ಒಂದು ತಿಂಗಳಿಗೆ ಚೆಲ್ಲಿ. ಉಳಿದವು ಮೂರು ತಿಂಗಳು ಬರುತ್ತವೆ. ನೂಲಿನಂಥ ಬೂಷ್ಟು ತೇಲಿದರೆ ಅವಧಿ ನೋಡುತ್ತ ಕೂರಬೇಡಿ. ಲೋಟಕ್ಕೆ ಸುರಿದ ಬಫರನ್ನು ಮತ್ತೆ ಬಾಟಲಿಗೆ ಹಾಕುವ ಉಳಿತಾಯ ದುಬಾರಿ ಬೀಳುತ್ತದೆ. ಬಿಸಿಲಿನ ದಿನ ಬಾಟಲಿಯ ಮೇಲಿನ ಉಷ್ಣತೆಯ ಪಟ್ಟಿಯನ್ನೂ ಓದಿ: 10.01ರ ಬಫರ್ 35 ಡಿಗ್ರಿಯಲ್ಲಿ 9.92ರ ಆಸುಪಾಸು ಇರುತ್ತದೆ. ಕೈಯಿಂದ ಅಂಕಿ ಹಾಕುವ ಮೀಟರಿನಲ್ಲಿ ಇದನ್ನು ಮರೆತರೆ ತಪ್ಪು ನಿಮ್ಮದೇ ಕೈಯಿಂದ ಒಳಗೆ ಹೋಗುತ್ತದೆ.

ಆರ್‌ಒ ನೀರಿನಲ್ಲಿ ಪಿಎಚ್ ನಿಲ್ಲಲು ತಡಮಾಡುವುದು ಮೀಟರಿನ ದೋಷವಲ್ಲ, ಲವಣ ಕಡಿಮೆ ಇರುವುದರಿಂದ ಹಾಗಾಗುತ್ತದೆ. ಮೆಲ್ಲಗೆ ಕಲಕಿ ನಾಲ್ಕೈದು ನಿಮಿಷ ಕಾಯಿರಿ.

ಟಿಡಿಎಸ್ ಪೆನ್ನು ನಿಜವಾಗಿ ಅಳೆಯುವುದು ಬೇರೆಯದನ್ನು

ಪೆನ್ನು ಅಳೆಯುವುದು ಕಂಡಕ್ಟಿವಿಟಿ, ಅಂದರೆ ನೀರಿನಲ್ಲಿ ವಿದ್ಯುತ್ ಹರಿಯುವ ಅಳವು. ಅದನ್ನು ಒಂದು ಗುಣಕದಿಂದ ಗುಣಿಸಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಎಂದು ತೋರಿಸುತ್ತದೆ. ಗುಣಕ ಕಂಪನಿಯಿಂದ ಕಂಪನಿಗೆ ಬೇರೆ. 1413 ಮೈಕ್ರೋಸೀಮೆನ್ಸ್ ಇರುವ ಒಂದೇ ದ್ರಾವಣಕ್ಕೆ 0.5 ಗುಣಕದ ಪೆನ್ನು 706 ಎನ್ನುತ್ತದೆ, 0.64ರದು 904, 0.7ರದು 989. ಘಟಕದವರ ಪೆನ್ನಿಗೂ ಪಂಚಾಯಿತಿಯವರ ಪೆನ್ನಿಗೂ ತಾಳೆಯಾಗದೆ ವಾಗ್ವಾದ ನಡೆಯುವ ಕಡೆ ಮೊದಲು ಕೇಳಬೇಕಾದದ್ದು ಗುಣಕ ಎಷ್ಟು ಎಂದು. ಸಾಧ್ಯವಿದ್ದರೆ ವಹಿಯಲ್ಲಿ ಕಂಡಕ್ಟಿವಿಟಿಯನ್ನೇ ಬರೆಯಿರಿ.

1413ರ ಸ್ಟ್ಯಾಂಡರ್ಡನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. ಪೊಟ್ಯಾಸಿಯಂ ಕ್ಲೋರೈಡನ್ನು 105 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿ ಆರಿಸಿ, 0.7456 ಗ್ರಾಂ ತೂಗಿ, 25 ಡಿಗ್ರಿಯಲ್ಲಿ ಒಂದು ಲೀಟರಿನ ಗೆರೆಗೆ ತನ್ನಿ. ನಾಲ್ಕು ದಶಮಾಂಶದ ತಕ್ಕಡಿ ಇಲ್ಲದವರು ಕೊಂಡು ತರುವುದೇ ಲೇಸು. ಸವಳು ಬೋರಿಗೆ ಹೋಗುವ ಮೀಟರನ್ನು 12.88 ಮಿಲಿಸೀಮೆನ್ಸ್ ದ್ರಾವಣದಲ್ಲೂ, ಆರ್‌ಒ ನೀರಿಗೆ ಇಳಿಯುವುದನ್ನು 84 ಮೈಕ್ರೋಸೀಮೆನ್ಸಿನಲ್ಲೂ ಪರೀಕ್ಷಿಸಿ. 1413ರಲ್ಲಿ ಸರಿಯಿದ್ದ ಪೆನ್ನು ಕೆಳಮಟ್ಟದಲ್ಲಿ ತಪ್ಪುವುದುಂಟು. ಘಟಕದ ಪೊರೆ ಹರಿದ ಸುದ್ದಿ ಮೊದಲು ತಿಳಿಯುವುದು ಆ ಕೆಳಮಟ್ಟದಲ್ಲೇ.

ಕಂಡಕ್ಟಿವಿಟಿ ಡಿಗ್ರಿಗೆ ಶೇಕಡಾ 2ರಷ್ಟು ಏರುತ್ತದೆ. 1413ರ ದ್ರಾವಣ 30 ಡಿಗ್ರಿಯಲ್ಲಿ ತಿದ್ದದೆ ನೋಡಿದರೆ ಸುಮಾರು 1550. ಪೆನ್ನಿನಲ್ಲಿ ತಾನಾಗಿ ಉಷ್ಣತೆ ಸರಿದೂಗಿಸುವ ವ್ಯವಸ್ಥೆ ಇದ್ದರೂ ಅದರ ಸೆನ್ಸರ್ ನೀರಿನ ಬಿಸಿಗೆ ಬರಲು ಎರಡು ಮೂರು ನಿಮಿಷ ಬೇಕು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಿಂದ ತೆಗೆದ ಪೆನ್ನನ್ನು ಅದ್ದಿ ತಟ್ಟನೆ ಓದಿದರೆ ಆ ಅಂಕಿಗೆ ಬೆಲೆಯಿಲ್ಲ. ಅದ್ದಿದ ಮೇಲೆ ಒಮ್ಮೆ ತಟ್ಟಿ ಗುಳ್ಳೆ ಬಿಡಿಸಿ. ಎರಡು ಕಡ್ಡಿಗಳ ನಡುವೆ ಗುಳ್ಳೆ ಕೂತರೆ ರೀಡಿಂಗು ಕಡಿಮೆ ಬರುತ್ತದೆ. ಕಡ್ಡಿಗಳ ಮೇಲೆ ಸುಣ್ಣ ಕಟ್ಟಿದರೂ ಕಡಿಮೆಯೇ. ಮನೆಯ ಬಿಳಿ ವಿನೆಗರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆದರೆ ಸಾಕು, ಚಾಕುವಿನಿಂದ ಕೆರೆಯಬೇಡಿ.

ಫ್ಲೋರೈಡ್: ಒಂದು ಮಿಲಿವೋಲ್ಟಿಗೆ ಶೇಕಡಾ ನಾಲ್ಕು

ಫ್ಲೋರೈಡ್ ಎಲೆಕ್ಟ್ರೋಡಿನಲ್ಲಿ ಸಾಂದ್ರತೆ ಹತ್ತು ಪಟ್ಟಾದರೆ ಮಿಲಿವೋಲ್ಟ್ ಬದಲಾಗುವುದು ಬರೀ 59ರಷ್ಟು. ಆದ್ದರಿಂದ ಒಂದು ಮಿಲಿವೋಲ್ಟ್ ತಪ್ಪಿದರೆ ಫಲಿತಾಂಶ ಶೇಕಡಾ 4 ತಪ್ಪುತ್ತದೆ. ಮಿಲಿವೋಲ್ಟಿನ ಹತ್ತನೇ ಒಂದು ಭಾಗ ತೋರಿಸದ ಮೀಟರಿನಲ್ಲಿ ಈ ಪರೀಕ್ಷೆ ಮಾಡಬೇಡಿ.

ಮೂಲ ದ್ರಾವಣಕ್ಕೆ ಒಣಗಿಸಿದ ಸೋಡಿಯಂ ಫ್ಲೋರೈಡ್ 0.2210 ಗ್ರಾಂ ತೂಗಿ ಒಂದು ಲೀಟರು ಮಾಡಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್. ಇದು ವಿಷ, ಬಾಯಿಂದ ಪಿಪೆಟ್ ಎಳೆಯುವ ಹಳೇ ಚಾಳಿ ಇಲ್ಲಿ ಬೇಡವೇ ಬೇಡ. ಇಡುವುದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಗಾಜು ಫ್ಲೋರೈಡಿಗೆ ಆಗಿಬರುವುದಿಲ್ಲ. ಇದರಿಂದ 0.5, 1, 2 ಮತ್ತು 10 ಮಿಲಿಗ್ರಾಂ ಸ್ಟ್ಯಾಂಡರ್ಡ್ ಮಾಡಿಕೊಳ್ಳಿ. ಪ್ರತಿಯೊಂದಕ್ಕೂ, ಪ್ರತಿ ಸ್ಯಾಂಪಲ್ಲಿಗೂ ಸಮ ಅಳತೆ ಟಿಸಾಬ್ ದ್ರಾವಣ ಬೆರೆಸಬೇಕು: 25 ಮಿಲಿಲೀಟರಿಗೆ 25. ಟಿಸಾಬ್ ಪಿಎಚ್ ಅನ್ನು 5.3ರಿಂದ 5.5ರ ನಡುವೆ ಹಿಡಿದಿಟ್ಟು, ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಇಲ್ಲಿಯ ಕ್ಷಾರೀಯ ಬೋರಿನ ನೀರಿಗೆ ಟಿಸಾಬ್ ಹಾಕದೆ ಎಲೆಕ್ಟ್ರೋಡ್ ಇಳಿಸುವುದೆಂದರೆ ತಕ್ಕಡಿಯನ್ನು ಗಾಳಿಯಲ್ಲಿ ಹಿಡಿದು ತೂಗಿದಂತೆ.

ಕಡಿಮೆಯಿಂದ ಹೆಚ್ಚಿನ ಕಡೆಗೆ ಹೋಗಿ. 1 ಮತ್ತು 10ರ ನಡುವಿನ ಅಂತರ 54ರಿಂದ 60 ಮಿಲಿವೋಲ್ಟ್ ಬರಬೇಕು. ಪ್ರತಿಯೊಂದರಲ್ಲೂ ಒಂದೇ ವೇಗದಲ್ಲಿ ಕಲಕುತ್ತ ಮೂರು ನಿಮಿಷ ಕಾದು ಓದಿ. ಮ್ಯಾಗ್ನೆಟಿಕ್ ಸ್ಟರರ್ ಹತ್ತು ನಿಮಿಷದಲ್ಲಿ ಬೆಚ್ಚಗಾಗಿ ಬೀಕರಿಗೂ ಬಿಸಿ ಮುಟ್ಟಿಸುತ್ತದೆ, ನಡುವೆ ಒಂದು ತುಂಡು ಥರ್ಮೋಕೋಲ್ ಇಡಿ. ಎಲೆಕ್ಟ್ರೋಡನ್ನು ತುಸು ಓರೆಯಾಗಿ ಇಳಿಸಿದರೆ ತುದಿಯ ಹರಳಿನ ಕೆಳಗೆ ಗುಳ್ಳೆ ನಿಲ್ಲುವುದಿಲ್ಲ. ಎರಡು ತಾಸಿಗೊಮ್ಮೆ 1ರ ಸ್ಟ್ಯಾಂಡರ್ಡಿಗೆ ಮರಳಿ ನೋಡಿ. ಅರ್ಧ ಮಿಲಿವೋಲ್ಟಿಗಿಂತ ಹೆಚ್ಚು ಸರಿದಿದ್ದರೆ ಮತ್ತೆ ಮೊದಲಿನಿಂದ. ಪ್ರತಿಕ್ರಿಯೆ ಮಂದವಾದರೆ ಹರಳಿಗೆ ಚೂರು ಫ್ಲೋರೈಡ್ ಟೂತ್‌ಪೇಸ್ಟ್ ಹಚ್ಚಿ ಮೆತ್ತಗೆ ತಿಕ್ಕಿ ಚೆನ್ನಾಗಿ ತೊಳೆಯಿರಿ. ತಮಾಷೆಯಲ್ಲ, ಇದು ಒಪ್ಪಿತ ಪದ್ಧತಿಯೇ.

ಬಣ್ಣ ನೋಡಿ ಫ್ಲೋರೈಡ್ ಅಳೆಯುವ ಸ್ಪ್ಯಾಂಡ್ಸ್ ವಿಧಾನದವರಿಗೆ ಎರಡು ಮಾತು. ಮೊದಲನೆಯದು, ರಿಯಾಜೆಂಟಿನ (ಬಣ್ಣ ಕೊಡುವ ರಾಸಾಯನಿಕದ) ಅಳತೆ: ಸ್ಟ್ಯಾಂಡರ್ಡಿಗೆ ಹಾಕಿದಷ್ಟೇ ಸ್ಯಾಂಪಲ್ಲಿಗೂ, ಪಿಪೆಟ್ಟಿನಿಂದ, ಡ್ರಾಪರಿನ ಅಂದಾಜು ಇಲ್ಲಿ ನಡೆಯದು. ಎರಡೂ ಒಂದೇ ಬಿಸಿಯಲ್ಲಿರಲಿ. ಎರಡನೆಯದು, ಅಲ್ಯೂಮಿನಿಯಂ. ಪಟಿಕ ಹಾಕಿ ತಿಳಿಗೊಳಿಸಿದ ನೀರು ಅಥವಾ ಅಲ್ಯುಮಿನಾ ಫಿಲ್ಟರ್ ದಾಟಿ ಬಂದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಬಚ್ಚಿಟ್ಟು ಕಡಿಮೆ ತೋರಿಸುತ್ತದೆ. ಒಂದು ನಿಮಿಷಕ್ಕೆ ಓದಿ, 15 ನಿಮಿಷ ಬಿಟ್ಟು ಮತ್ತೆ ಓದಿ. ಅಂಕಿ ಏರಿದ್ದರೆ ಅಲ್ಯೂಮಿನಿಯಂ ಇದೆ ಎಂದೇ ತಿಳಿಯಿರಿ. ಈ ವಿಧಾನದ ಮಿತಿ ಲೀಟರಿಗೆ 1.4 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿರುವ ನೀರಿಗೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿ ಅಳೆದು ಎರಡರಿಂದ ಗುಣಿಸಿ.

ಕದಡು ಮತ್ತು ಕ್ಲೋರಿನ್

ಟರ್ಬಿಡಿಟಿ (ಕದಡು) ಮೀಟರಿನಲ್ಲಿ ಮೀಟರಿಗಿಂತ ಹೆಚ್ಚು ಮೋಸ ಮಾಡುವುದು ನೀರು ತುಂಬುವ ಗಾಜಿನ ವಯಲ್. ಮಾನಕದ ಮಿತಿಯೇ 1 ಎನ್‌ಟಿಯು (ಕದಡಿನ ಅಳತೆಯ ಮಾನ) ಇರುವಾಗ ಒಂದು ಬೆರಳಚ್ಚೋ ಗೀರೋ ಅದರ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ವಯಲನ್ನು ಕುತ್ತಿಗೆಯಲ್ಲಿ ಹಿಡಿಯಿರಿ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಂದು ಹನಿ ಸಿಲಿಕೋನ್ ಎಣ್ಣೆ ಸವರಿ ತೆಳುವಾಗಿಸಿ, ಗುರುತನ್ನು ಪ್ರತಿ ಸಲ ಒಂದೇ ದಿಕ್ಕಿಗೆ ಇಡಿ. ಒತ್ತಡದ ನಳದಿಂದ ಹಿಡಿದ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳಿರುತ್ತವೆ. ಒಂದೆರಡು ನಿಮಿಷ ಬಿಟ್ಟು, ಮೆಲ್ಲಗೆ ತಲೆಕೆಳಗು ಮಾಡಿ ಓದಿ. ಕದಡಿಗೆ ಬಳಸುವ ಫಾರ್ಮಜಿನ್ ಸ್ಟ್ಯಾಂಡರ್ಡನ್ನು ಸ್ವತಃ ಮಾಡಲು ಹೋಗಬೇಡಿ, ಅದಕ್ಕೆ ಬೇಕಾದ ಹೈಡ್ರಜೀನ್ ಸಲ್ಫೇಟ್ ಕ್ಯಾನ್ಸರ್‌ಕಾರಕ. 4000 ಎನ್‌ಟಿಯು ದ್ರಾವಣ ಕೊಂಡು, ತೆಳು ಮಾಡಿದ್ದನ್ನು ಅಂದೇ ಬಳಸಿ ಚೆಲ್ಲಿ.

ಕ್ಲೋರಿನ್‌ನಲ್ಲಿ ಮಾನಕ ಕೇಳುವುದು ಕನಿಷ್ಠ 0.2 ಮಿಲಿಗ್ರಾಂ ಉಳಿಕೆ. ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ ಸಂಪಿನ ನೀರು ಹಿಡಿದು ಸೊನ್ನೆ ಬಂತೆಂದು ಮೀಟರನ್ನು ಬೈಯಬೇಡಿ. ನಳ ಬಂದಾಗ ನಳದಲ್ಲೇ ಹಿಡಿಯಬೇಕು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಪುಡಿ ಹಾಕಿ ಒಂದು ನಿಮಿಷದೊಳಗೆ ಓದಿ. ಗುಲಾಬಿ ಬಣ್ಣ ಮೂಡಿ ಮಾಯವಾದರೆ ಕ್ಲೋರಿನ್ ಇಲ್ಲವೆಂದಲ್ಲ, ಅತಿಯಾಗಿ ಬಣ್ಣವನ್ನೇ ತೊಳೆದಿದೆ. ತೆಳು ಮಾಡಿ ಮತ್ತೆ ನೋಡಿ.

ಮೀಟರು ಸರಿಯಿದೆಯೇ ಎಂದು ನೋಡಲು ಕ್ಲೋರಿನ್ ದ್ರಾವಣ ಹುಡುಕಬೇಕಿಲ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಸಾಕು. 0.891 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿ, ಅದರ 10 ಮಿಲಿಲೀಟರನ್ನು 100ಕ್ಕೆ, ಅದರಲ್ಲಿ 1 ಮಿಲಿಲೀಟರನ್ನು ಮತ್ತೆ 100ಕ್ಕೆ ತನ್ನಿ. ಡಿಪಿಡಿಯೊಂದಿಗೆ ಇದು 1.00 ಮಿಲಿಗ್ರಾಂ ಕ್ಲೋರಿನ್ನಿಗೆ ಸಮ. ಕೊನೆಯ ತೆಳು ದ್ರಾವಣ ಆ ಹೊತ್ತಿಗೆ ಮಾತ್ರ.

ಕೆರೆಗೆ ಒಯ್ಯುವ ಆಕ್ಸಿಜನ್ ಮೀಟರು

ಉಣಕಲ್, ಕೆಲಗೇರಿ, ಭೀಷ್ಮ ಕೆರೆ, ಹೆಗ್ಗೇರಿ, ಯಾವ ಕೆರೆಗೆ ಹೋದರೂ ನಾವು ಸಮುದ್ರಮಟ್ಟದಲ್ಲಿಲ್ಲ ಎಂಬುದು ನೆನಪಿರಬೇಕು. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಹಿಡಿಯಬಲ್ಲ ಆಕ್ಸಿಜನ್ ಸುಮಾರು 8.26 ಮಿಲಿಗ್ರಾಂ, ಧಾರವಾಡದ ಎತ್ತರದಲ್ಲಿ ಅದು 7.5ರ ಆಸುಪಾಸು. ಮೀಟರು ಗಾಳಿಯ ಒತ್ತಡ ಕೇಳಿದಾಗ ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1010 ಹೆಕ್ಟೋಪಾಸ್ಕಲ್ ಹಾಕಿದಿರೋ ಕೆಟ್ಟಿತು. ಅದು ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ. ಧಾರವಾಡದ ನಿಜವಾದ ಒತ್ತಡ 925ರ ಸುತ್ತಮುತ್ತ. ಎಲ್ಲ ರೀಡಿಂಗೂ ಶೇಕಡಾ 9ರಷ್ಟು ಹೆಚ್ಚು ಬರುತ್ತದೆ. ಪೊರೆಯ ಪ್ರೋಬ್ ಆದರೆ ಪೊರೆಯಡಿ ಗುಳ್ಳೆ, ಸುಕ್ಕು ಇದೆಯೇ ನೋಡಿ, ಅಳೆಯುವಾಗ ನೀರಿನಲ್ಲಿ ಮೆಲ್ಲಗೆ ಆಡಿಸುತ್ತಿರಿ.

ನೀರು, ಬಿಸಿಲು, ವಹಿ

ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನು ತರುವವರು ಮೊದಲು ಅದರ ಕಂಡಕ್ಟಿವಿಟಿ ಅಳೆಯಿರಿ. 5 ಮೈಕ್ರೋಸೀಮೆನ್ಸಿಗಿಂತ ಹೆಚ್ಚಿದ್ದರೆ ಅದು ಬ್ಯಾಟರಿಗೇ ಇರಲಿ. ಸ್ಟ್ಯಾಂಡರ್ಡ್‌ಗಳನ್ನು, ಕಿಟ್ಟಿನ ರಿಯಾಜೆಂಟುಗಳನ್ನು ಪಂಪ್‌ಹೌಸಿನ ತಗಡಿನ ಕೆಳಗೆ ಇಡಬೇಡಿ. ಬೇಸಿಗೆಯಲ್ಲಿ ಕಿಟ್ಟು ಅವಧಿಗೆ ಮುಂಚೆಯೇ ಸಾಯುತ್ತದೆ. ಬಾಟಲಿ ತೆರೆದ ತಾರೀಖನ್ನು ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಬರೆಯಿರಿ, ಮುಚ್ಚಳಗಳು ಅದಲುಬದಲಾಗುತ್ತವೆ.

ವಹಿಯಲ್ಲಿ ಒಂದು ಸಾಲು ಸಾಕು: ತಾರೀಖು, ದ್ರಾವಣ ಮತ್ತು ಅದರ ಲಾಟ್ ನಂಬರು, ಉಷ್ಣತೆ, ತಿದ್ದುವ ಮೊದಲಿನ ರೀಡಿಂಗು, ತಿದ್ದಿದ ಮೇಲಿನದು, ಪಿಎಚ್ ಆದರೆ ಶೇಕಡಾವಾರು ಸ್ಲೋಪ್, ಸಹಿ. ಆರು ತಿಂಗಳ ಸ್ಲೋಪ್‌ಗಳನ್ನು ಒಟ್ಟಿಗೆ ನೋಡಿದರೆ 98, 97, 97, 95, 93 ಎಂದು ಇಳಿಯುವುದು ಕಣ್ಣಿಗೆ ಬೀಳುತ್ತದೆ, ಹೊಸ ಎಲೆಕ್ಟ್ರೋಡಿಗೆ ಅರ್ಜಿ ಹಾಕಲು ಅದೇ ಆಧಾರ.

ಮೂರು ತಿಂಗಳಿಗೊಮ್ಮೆ ಒಂದೇ ನೀರನ್ನು ಎರಡು ಬಾಟಲಿಗೆ ಹಂಚಿ, ಒಂದನ್ನು ನೀವೇ ಅಳೆದು, ಇನ್ನೊಂದನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ಫ್ಲೋರೈಡ್, ಕಂಡಕ್ಟಿವಿಟಿ ತಾಳೆ ನೋಡಲು ಇದು ಒಳ್ಳೆಯ ದಾರಿ. ಪಿಎಚ್ ಮತ್ತು ಉಳಿಕೆ ಕ್ಲೋರಿನ್ನಿಗೆ ಇದು ಆಗದು, ಬಾಟಲಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಎರಡೂ ಬದಲಾಗಿರುತ್ತವೆ. ಅವನ್ನು ಸ್ಥಳದಲ್ಲೇ ಎರಡು ಮೀಟರು ಪಕ್ಕಪಕ್ಕ ಇಟ್ಟು ನೋಡಬೇಕು. ಕಳಿಸುವ ಬಾಟಲಿ ಪ್ಲಾಸ್ಟಿಕ್ಕಿನದಾಗಿರಲಿ, ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ ಮುಚ್ಚಿ.